ಓರೆಗಂಟು

“ಆ ಫೋಟೋದಲ್ಲಿರೋದು ಅವಳಲ್ಲ ಕಣೇ, ನಾನು.”

ಅತ್ತೆ ಇಸ್ತ್ರಿಪೆಟ್ಟಿಗೆಯನ್ನು ಕೆಳಗಿಡಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಯಾರದೋ ಅಂಗಿಯ ಕಾಲರಿನ ಮೇಲೆ ಆವಿ ಬುಸ್ಸೆಂದಿತು. ನಾನು ಮೊಬೈಲನ್ನು ಅವಳ ಮೂಗಿನ ಹತ್ತಿರ ಹಿಡಿದುಕೊಂಡು ಹಾಗೇ ನಿಂತೆ.

“ಯಾವಳಲ್ಲ?”

“ಅವಳೇ, ನಿಮ್ಮ ಓರೆಗಂಟಿನ ರಾಣಿ. ಸ್ವಲ್ಪ ಆಚೆ ಸರಿ, ಬೆಳಕಿಗೆ ಅಡ್ಡ ಬರ್ತಿದೀಯ.”

ನಾನು ತೋರಿಸುತ್ತಿದ್ದದ್ದು ಹರಾಜಿನ ಜಾಹೀರಾತು. ಓರೆಗಂಟಿನ ರಾಣಿ ಎಂದೇ ಹೆಸರಾಗಿದ್ದ ಹಳೆಯ ಕಾಲದ ಸಿನಿಮಾ ತಾರೆ ಹೋದ ವರ್ಷ ತೀರಿಕೊಂಡಿದ್ದಳು. ಈಗ ಅವಳ ಮಗ ಕೋಟು, ಬೂಟು, ಕಪ್ಪು ಕನ್ನಡಕದಿಂದ ಹಿಡಿದು ಅರ್ಧ ಸವೆದ ಲಿಪ್‌ಸ್ಟಿಕ್‌ವರೆಗೆ ಎಲ್ಲವನ್ನೂ ಹರಾಜಿಗಿಟ್ಟಿದ್ದ. ಜಾಹೀರಾತಿನ ತಲೆಯ ಮೇಲೆ ಆ ಫೋಟೋ. ಅದನ್ನು ನೋಡದವರು ಯಾರೂ ಇರಲಿಕ್ಕಿಲ್ಲ. ಖಾಲಿ ಬೀದಿ, ಬಿಳಿ ಕೋಟು ತೊಟ್ಟು ನಮಗೆ ಬೆನ್ನು ತಿರುಗಿಸಿ ಹೊರಟ ಹೆಣ್ಣು, ತಲೆಗೆ ಸ್ಕಾರ್ಫು, ಎಡಗಿವಿಯ ಕೆಳಗೆ ಓರೆಯಾಗಿ ಬಿಗಿದ ಗಂಟು, ನೆಲದಿಂದ ಕೊಂಚ ಮೇಲೆದ್ದ ಒಂದು ಹಿಮ್ಮಡಿ. ಮುಖ ಕಾಣುವುದೇ ಇಲ್ಲ. ಮಜಾ ಇರುವುದೇ ಅಲ್ಲಿ ಅನ್ನುತ್ತಾರೆ ತಿಳಿದವರು. ಸಲೂನಿನ ಗೋಡೆಗಳ ಮೇಲೆ, ಕಾಫಿ ಕಪ್ಪಿನ ಮೇಲೆ, ಯಾಕೆ, ನನ್ನ ಕಾಲೇಜು ಬ್ಯಾಗಿನ ಮೇಲೂ ಅದೇ ಬೆನ್ನು.

“ಅತ್ತೆ, ಆವಿ ತಲೆಗೇರಿದೆ ನಿಂಗೆ,” ಎಂದೆ.

“ಏರಿರಬಹುದು. ಆದ್ರೆ ಬೆನ್ನು ನಂದೇ. ಆ ಹಿಮ್ಮಡಿ ಯಾಕೆ ಮೇಲಿದೆ ಹೇಳು?”

“ಅದು... ಸ್ಟೈಲು. ಅವರ ನಡಿಗೆ. ನಮ್ಮ ಕಾಲೇಜಲ್ಲಿ ಅದರ ಮೇಲೆ ಒಬ್ಬರು ಭಾಷಣವನ್ನೇ ಮಾಡಿದ್ರು.”

“ಬೂಟು ಕಚ್ತಿತ್ತು,” ಎಂದಳು ಅತ್ತೆ. “ನಮ್ಮಮ್ಮನ ಬೂಟು. ನಂಗೆ ಚಿಕ್ಕದು.”

ನಮ್ಮದು ಡ್ರೈಕ್ಲೀನಿಂಗ್ ಅಂಗಡಿ. ಅಜ್ಜ ಹಾಕಿದ್ದು, ಈಗ ಅಪ್ಪ ನಡೆಸುತ್ತಾನೆ. ಮುಂದೆ ಗಲ್ಲಾ, ಹಿಂದೆ ಯಂತ್ರ, ಅದರ ಹಿಂದೆ ಕಿಟಕಿಯಿಲ್ಲದ ಕೋಣೆಯಲ್ಲಿ ಅತ್ತೆಯ ಇಸ್ತ್ರಿ ಮೇಜು, ಮೇಲ್ಗಡೆ ಮನೆ. ಅತ್ತೆ ಅಪ್ಪನಿಗಿಂತ ಎಷ್ಟೋ ದೊಡ್ಡವಳು. ಮದುವೆಯಾಗಲಿಲ್ಲ. ಆ ಮೇಜು ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಅವಳು ಜೋಕು ಮಾಡುತ್ತಾಳೆ, ಆದರೆ ಸುಳ್ಳು ಹೇಳುವುದಿಲ್ಲ. ಹಾಗಾಗಿ ನಾನು ಅಂಗಿಗಳ ರಾಶಿಯನ್ನು ಪಕ್ಕಕ್ಕೆ ತಳ್ಳಿ ಸ್ಟೂಲಿನ ಮೇಲೆ ಕೂತೆ.

“ನಿಂಗೆ ಗಾಳಿ ಆಡಿಸೋದು ಗೊತ್ತಲ್ಲ,” ಎಂದಳು.

ಗೊತ್ತಿಲ್ಲದೆ ಏನು. ನಮ್ಮ ಮನೆಯಲ್ಲಿ ಹುಟ್ಟಿದವರಿಗೆಲ್ಲ ಗೊತ್ತು, ಹೊರಗಿನವರಿಗೆ ಯಾರಿಗೂ ಗೊತ್ತಿರಬಾರದು. ಹಿಂದಿನ ಕಾಲದಲ್ಲಿ ಬಟ್ಟೆ ತೊಳೆಯುವ ಎಣ್ಣೆಗೆ ಪೆಟ್ರೋಲಿನಂಥ ಘಾಟು ಇತ್ತು. ಅದು ಹೋಗಲು ಬಟ್ಟೆಯನ್ನು ಹಿತ್ತಲಲ್ಲಿ ನೇತುಹಾಕಬೇಕು. ನೇತುಹಾಕಿದರೆ ಹಕ್ಕಿ ಹಿಕ್ಕೆ ಹಾಕುತ್ತದೆ, ಮಸಿ ಕೂರುತ್ತದೆ. ಅದಕ್ಕೆ ಅಜ್ಜ ಕಂಡುಕೊಂಡ ಉಪಾಯ: ಮೈಮೇಲೆ ಹಾಕಿಕೊಂಡು ಒಂದು ಸುತ್ತು ಹೋಗಿ ಬರುವುದು. ಗಾಳಿಯೂ ಆಡುತ್ತದೆ, ನಮಗೂ ಒಂದು ಒಳ್ಳೆಯ ಬಟ್ಟೆ ತೊಟ್ಟ ಹಾಗಾಗುತ್ತದೆ. ಅಜ್ಜ ಒಬ್ಬ ನ್ಯಾಯಾಧೀಶರ ಸೂಟಿಗೆ ಗಾಳಿ ಆಡಿಸಲು ಹೋಗಿ, ದಾರಿಯಲ್ಲಿ ಅದೇ ನ್ಯಾಯಾಧೀಶರು ಎದುರಾಗಿ, ಅವರು ಇವನನ್ನು ಯಾರೋ ದೊಡ್ಡ ಮನುಷ್ಯನೆಂದು ತಿಳಿದು ಟೋಪಿ ಎತ್ತಿದ್ದರಂತೆ. ಈಗಿನ ಯಂತ್ರಗಳಲ್ಲಿ ಆ ಘಾಟು ಇಲ್ಲ. ಗಾಳಿ ಆಡಿಸುವುದು ಮಾತ್ರ ನಿಂತಿಲ್ಲ.

“ಆ ಭಾನುವಾರ ಅವಳ ಬಿಳಿ ಕೋಟು ನನ್ನ ಪಾಲಿಗೆ ಬಂತು,” ಎಂದಳು ಅತ್ತೆ. “ನಿಂಗಿಂತ ಚಿಕ್ಕವಳು ನಾನಾಗ. ಕೋಟು ಯಾವುದೋ ಸಿನಿಮಾದಲ್ಲಿ ಹಾಕಿದ್ದೇ, ಪೋಸ್ಟರಿಂದಾನೇ ಊರಿಗೆಲ್ಲ ಗೊತ್ತಿರೋದು. ಸಿನಿಮಾ ಏನೂ ಓಡಿರ್ಲಿಲ್ಲ, ಅವಳೂ ಆಗ ಅಂಥ ಹೆಸರಿನವಳಲ್ಲ. ಹತ್ತರಲ್ಲಿ ಒಬ್ಬಳು. ಗಾಳಿ ಜೋರಾಗಿತ್ತು ಅಂತ ಅಮ್ಮ ತನ್ನ ಸ್ಕಾರ್ಫ್ ಕೊಟ್ಟಳು. ನೀಲಿ, ಹಳದಿ ಚುಕ್ಕೆ.”

“ಗಂಟು?”

“ಅದನ್ನೇ ಹೇಳ್ತಿದೀನಿ, ತಡಿ. ನಾನು ಇಸ್ತ್ರಿ ಕಲಿಯೋವಾಗ ಆ ಸ್ಕಾರ್ಫಿನ ಒಂದು ಮೂಲೆ ಸುಟ್ಟುಬಿಟ್ಟಿದ್ದೆ. ಅಮ್ಮ ಒಂದು ಮಾತು ಬಯ್ಯಲಿಲ್ಲ. ಅದೇ ಸ್ಕಾರ್ಫಿನ ಅಂಚಿಂದ ಎಳೆ ಎಳೆದು ರಫು ಮಾಡಿದ್ಲು. ಕಣ್ಣಿಗೆ ಅಷ್ಟಾಗಿ ಕಾಣಲ್ಲ, ಬೆರಳಿಗೆ ಸಿಗುತ್ತೆ. ಆದ್ರೂ ಆ ವಯಸ್ಸಲ್ಲಿ ಅದೂ ಒಂದು ನಾಚಿಕೆ. ಮೈಮೇಲೆ ಅಂಥ ಕೋಟು, ತಲೆಮೇಲೆ ತೇಪೆ. ಗದ್ದದ ಕೆಳಗೆ ಗಂಟು ಹಾಕಿದ್ರೆ ಆ ಮೂಲೆ ಎದ್ದು ಕಾಣೋದು. ಅದಕ್ಕೆ ಕಿವಿ ಕೆಳಗೆ ಎಳ್ಕೊಂಡು, ಸುಟ್ಟ ತುದೀನ ಒಳಗೆ ತುರುಕಿ ಓರೆಯಾಗಿ ಬಿಗಿದೆ. ಅಷ್ಟೇ ನಿಮ್ಮ ಸ್ಟೈಲು.”

ನನಗೆ ನಗು ಬಂತು. ನಮ್ಮ ಕಾಲೇಜಿನ ಹುಡುಗಿಯರು, ನಮ್ಮಮ್ಮ, ಅವಳ ಗೆಳತಿಯರು, ಎರಡು ತಲೆಮಾರು ಕನ್ನಡಿಯ ಮುಂದೆ ಕತ್ತು ವಾರೆ ಮಾಡಿ ಕಟ್ಟಿಕೊಂಡ ಆ ಗಂಟು ಒಂದು ಸುಟ್ಟ ಮೂಲೆ ಮುಚ್ಚಲು ಹಾಕಿದ್ದು. ಅತ್ತೆ ನಗಲಿಲ್ಲ.

ಯಾರೋ ಹಿಂದಿನಿಂದ ಫೋಟೋ ತೆಗೆದದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಬೂಟು ಕಚ್ಚಿದ ಉರಿಯಲ್ಲಿ ಮನೆಗೆ ಬಂದವಳು ಸ್ಕಾರ್ಫನ್ನು ಕೋಟಿನ ಜೇಬಿಗೆ ತುರುಕಿ ಮರೆತಳು. ಮರುದಿನ ಅಜ್ಜ ಕೋಟನ್ನು ತಾರೆಯ ಮನೆಗೆ ಮುಟ್ಟಿಸಿದ, ಸ್ಕಾರ್ಫಿನ ಸಮೇತ. ಅದಾಗಿ ಸ್ವಲ್ಪ ದಿನಕ್ಕೆ ಪತ್ರಿಕೆಯೊಂದರ ಮುಖಪುಟದಲ್ಲಿ ಆ ಬೆನ್ನು ಬಂತು. ಒಂಟಿಯಾಗಿ ಬೀದಿಯಲ್ಲಿ ನಡೆಯುವ ತಾರೆ, ಜನರ ನಡುವಿನ ರಾಣಿ, ಅದು ಇದು. ಅದು ತಾನಲ್ಲ ಎಂದು ತಾರೆ ಅನ್ನಲಿಲ್ಲ. ಮುಂದಿನ ಸಮಾರಂಭಕ್ಕೆ ತಲೆಗೆ ನೀಲಿ ಸ್ಕಾರ್ಫು ಕಟ್ಟಿ, ಗಂಟನ್ನು ಎಡಗಿವಿಯ ಕೆಳಗೆ ಹಾಕಿಕೊಂಡೇ ಬಂದಳು. ನಮ್ಮ ಅಂಗಡಿಗೆ ಬಟ್ಟೆ ಕಳಿಸುವುದನ್ನು ಮಾತ್ರ ನಿಲ್ಲಿಸಿದಳು.

“ನಮ್ಮಪ್ಪನಿಗೆ ಫೋಟೋ ನೋಡಿದ ಕೂಡಲೇ ಗೊತ್ತಾಯ್ತು,” ಎಂದಳು ಅತ್ತೆ. “ಮಗಳ ಬೆನ್ನು ಗೊತ್ತಾಗಲ್ವಾ? ಆವತ್ತೇ ಈ ಮೇಜು ಮುಂದಿನ ಕಿಟಕಿ ಹತ್ರದಿಂದ ಇಲ್ಲಿಗೆ ಬಂತು. ಹೆಣ್ಮಕ್ಕಳು ಗಾಳಿ ಆಡಿಸೋದು ಬಂದ್. ಅಮ್ಮ ಮಧ್ಯೆ ಬಿದ್ದು, ನಾನೇ ಕಳಿಸಿದ್ದು ಅಂದ್ಲು. ಅವಳ ಹತ್ರಾನೂ ಮಾತು ಬಿಟ್ಟ. ಆ ಚಳಿಗಾಲ ಅವಳು ತೀರೇಹೋದ್ಲು.”

ಅಜ್ಜಿಯ ಒಂದು ಚಿತ್ರವೂ ನಮ್ಮ ಮನೆಯಲ್ಲಿಲ್ಲ. ಬಟ್ಟೆಯಂತೂ ಇಲ್ಲವೇ ಇಲ್ಲ. ನಮ್ಮ ಕಸುಬಿನಲ್ಲಿ ಮನೆಯವರ ಹಳೆ ಬಟ್ಟೆಯೆಲ್ಲ ಇಸ್ತ್ರಿ ಕೆಳಗಿನ ಒದ್ದೆ ಬಟ್ಟೆಯಾಗುತ್ತದೆ. ಅಜ್ಜಿಯ ಉಡುಪುಗಳೂ ಹಾಗೇ ಊರವರ ಪ್ಯಾಂಟಿನ ಗೀರುಗಳ ಮೇಲೆ ಸುಟ್ಟು ಚಿಂದಿಯಾಗಿ ಮುಗಿದವು.

ಅತ್ತೆ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿದಳು. “ಹರಾಜಲ್ಲಿ ಸ್ಕಾರ್ಫ್ ಇದೆಯಾ ನೋಡು.”

ನೋಡಿದೆ. ಇತ್ತು. ಸಾಮಾನಿನ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದೊಡ್ಡ ಚಿತ್ರ.

“ನಂಗೆ ಅದು ಬೇಕು,” ಎಂದಳು. “ಫೋಟೋ ಅವಳೇ ಇಟ್ಕೊಳ್ಳಲಿ. ಅಮ್ಮನ ಕೈ ಇರೋದು ಆ ಮೂಲೇಲಿ ಒಂದೇ.”

ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ವಿಷಯ ಹೇಳಿದ್ದು ನಾನೇ. ಬಾಯಿ ತಡೆಯಲಿಲ್ಲ. ಅಪ್ಪ ತಟ್ಟೆಯಲ್ಲೇ ಕೈ ನಿಲ್ಲಿಸಿದ.

“ಅಕ್ಕ, ಅಲ್ಲಿ ಹೋಗಿ ಏನಂತ ಹೇಳ್ತೀಯ? ನಿಮ್ಮಮ್ಮನ ಕೋಟು ನಾನು ಹಾಕ್ಕೊಂಡು ತಿರುಗಿದ್ದೆ ಅಂತಲಾ?”

“ಹಾಕ್ಕೊಂಡಿದ್ದೆನಲ್ಲ.”

“ನಮ್ಮ ಗಿರಾಕಿಗಳು ಕೇಳಿಸ್ಕೊಂಡ್ರೆ? ನಾಳೆ ಯಾವನಾದ್ರೂ ಒಂದು ಕೋಟು ಕೊಡ್ತಾನಾ ನಮಗೆ?”

“ಹೋದ ತಿಂಗಳು ಮದುವೆಗೆ ಹೋಗಿದ್ಯಲ್ಲ, ಬೂದು ಬಣ್ಣದ ಕೋಟಲ್ಲಿ,” ಎಂದಳು ಅತ್ತೆ. “ಅದು ನಮ್ಮ ದಂತವೈದ್ಯರದ್ದಲ್ವಾ?”

ಅಪ್ಪ ನೀರು ಕುಡಿದ. ಅಮ್ಮ ಎದ್ದು ಒಳಗೆ ಹೋದಳು, ನಗಲು.

“ಅದು ಬೇರೆ,” ಎಂದ ಅಪ್ಪ.

“ಯಾಕೆ ಬೇರೆ?”

“ನಾನು ಸಿಕ್ಕಿಬಿದ್ದಿಲ್ಲ.” ಆಮೇಲೆ ದನಿ ತಗ್ಗಿಸಿದ. “ಅಕ್ಕ, ನಂಗೆ ಅಮ್ಮನ ಮುಖಾನೂ ನೆನಪಿಲ್ಲ. ಅವಳು ಹೋದಾಗ ನಾನು ನಿನ್ನ ಸೊಂಟದ ಮೇಲಿದ್ದೆ. ನಂಗಿರೋದು ಈ ಅಂಗಡಿ. ಒಂದು ರಫು ಆಸೆಗೆ ಇದನ್ನ ಮುಳುಗಿಸಬೇಡ.”

ಅತ್ತೆ ತಟ್ಟೆ ತೊಳೆದಿಟ್ಟು, ನನ್ನ ಪಕ್ಕ ಹಾದು ಹೋಗುವಾಗ ಮೆಲ್ಲಗೆ ಕೇಳಿದಳು: “ಗಿರಗಿಟ್ಲೆ, ನಾಳೆ ನಿಂಗೆ ಕ್ಲಾಸ್ ಇದೆಯಾ?”

ಇತ್ತು. ಇಲ್ಲ ಅಂದೆ.

ಹರಾಜಿಗೆ ಮೊದಲು ಸಾಮಾನು ನೋಡಲು ಜನರನ್ನು ಬಿಡುತ್ತಾರೆ. ಹಳೆಯ ಬ್ಯಾಂಕಿನ ಕಟ್ಟಡ ಅದು, ಎತ್ತರದ ಚಾವಣಿ, ಕಾಲಡಿಯಲ್ಲಿ ನುಣುಪು ಕಲ್ಲು, ಎಸಿ ಎಷ್ಟು ಜೋರೆಂದರೆ ನನ್ನ ಹಲ್ಲು ಕಟಕಟಿಸುತ್ತಿತ್ತು. ಗೋಡೆಯ ತುಂಬ ಆ ಫೋಟೋ, ಆಳೆತ್ತರಕ್ಕಿಂತ ದೊಡ್ಡದಾಗಿ. ಅದರ ಮುಂದೆ ಹುಡುಗಿಯರ ಸಾಲು. ಒಬ್ಬೊಬ್ಬರೇ ಬೆನ್ನು ತಿರುಗಿಸಿ, ಹಿಮ್ಮಡಿ ಎತ್ತಿ ನಿಲ್ಲುವುದು, ಜೊತೆಯವರು ಕ್ಲಿಕ್ ಮಾಡುವುದು. ತಲೆಗೆ ನೀಲಿ ಸ್ಕಾರ್ಫು ಕಟ್ಟಿದ್ದ ಒಬ್ಬಳು ಅತ್ತೆಯ ಕೈಗೆ ಮೊಬೈಲ್ ಕೊಟ್ಟಳು.

“ಆಂಟಿ, ಒಂದು ತೆಗೀತೀರಾ? ಹಿಂದಿನಿಂದ ಬರಬೇಕು.”

ಅತ್ತೆ ತೆಗೆದಳು. ಹುಡುಗಿ ನೋಡಿ ಮೂಗು ಮುರಿದಳು. “ಹಿಮ್ಮಡಿ ಸರಿಯಾಗಿ ಬಂದಿಲ್ಲ.”

“ಬೂಟು ಒಂದು ಸೈಜು ಚಿಕ್ಕದು ಹಾಕ್ಕೋ ಮಗಳೇ, ತಾನಾಗೇ ಬರುತ್ತೆ,” ಎಂದಳು ಅತ್ತೆ.

ನಾನು ಅತ್ತೆಯನ್ನು ಹೊರಗೆ ನೋಡಿದ್ದೇ ಕಡಿಮೆ. ಅಂಗಡಿಯ ಕೋಣೆಯಲ್ಲಿ ಅವಳು ದೊಡ್ಡವಳಾಗಿ ಕಾಣುತ್ತಾಳೆ, ಮೇಜಿನ ಮೇಲೆ ಬಾಗಿದಾಗ ಗೋಡೆಯ ತುಂಬ ಅವಳ ನೆರಳು. ಇಲ್ಲಿ ಆ ಬೆನ್ನಿನ ಕೆಳಗೆ ಅವಳು ಹಿಡಿಯಷ್ಟಿದ್ದಳು. ಬೆನ್ನು ಸ್ವಲ್ಪ ಗೂನಾಗಿದೆ, ಬಲಗಡೆ ಭುಜ ಇಸ್ತ್ರಿ ತಳ್ಳಿ ತಳ್ಳಿ ಕೆಳಕ್ಕೆ ಇಳಿದಿದೆ. ಅದೂ ಇದೂ ಒಂದೇ ಬೆನ್ನೆಂದು ಯಾರು ಹೇಳಬೇಕು.

ಸ್ಕಾರ್ಫು ಕೋಣೆಯ ನಟ್ಟನಡುವೆ ಗಾಜಿನ ಪೆಟ್ಟಿಗೆಯೊಳಗೆ, ಮರದ ತಲೆಯೊಂದಕ್ಕೆ ಕಟ್ಟಿಕೊಂಡು ಕೂತಿತ್ತು. ನೀಲಿ, ಹಳದಿ ಚುಕ್ಕೆ, ಎಡಗಿವಿಯ ಕೆಳಗೆ ಗಂಟು. ಅತ್ತೆ ಗಾಜಿಗೆ ಹಣೆ ತಾಗಿಸಿ ನೋಡಿದಳು. ಅವಳ ಉಸಿರಿಗೆ ಗಾಜು ಮಂಜಾಯಿತು. ತಾನು ತೊಟ್ಟಿದ್ದ ಕೋಟಿನ ಅಂಚಿನಿಂದ ಒರೆಸಿ ಮತ್ತೆ ನೋಡಿದಳು.

“ಗಾಜು ಮುಟ್ಟಬೇಡಿ ಅಮ್ಮ,” ಎಂದಳು ಕಪ್ಪು ಸಮವಸ್ತ್ರದ ಒಬ್ಬ ಹುಡುಗಿ, ಹರಾಜು ಮನೆಯವಳು.

“ಆ ಗಂಟು ಒಂದು ಸಲ ಬಿಚ್ಚಿ ತೋರಿಸ್ತೀರಾ?”

ಹುಡುಗಿ ಬೆಚ್ಚಿದಳು. “ಗಂಟು ಬಿಚ್ಚೋದಾ? ಬೆಲೆ ಇರೋದೇ ಗಂಟಿಗೆ ಅಮ್ಮ.”

“ಒಳಗಡೆ ಮೂಲೇಲಿ ರಫು ಇದೆ. ನಾನು ನೋಡಬೇಕು.”

“ಅವರ ಸ್ಕಾರ್ಫಿಗೆ ರಫು ಯಾಕಿರುತ್ತೆ?” ಹುಡುಗಿ ನನ್ನ ಕಡೆ ನೋಡಿ, ನಿಮ್ಮ ಅಜ್ಜಿನಾ ಎನ್ನುವ ಹಾಗೆ ಹುಬ್ಬೆತ್ತಿದಳು. ಆಮೇಲೆ ಪಾಪ, ಸಮಾಧಾನದಿಂದಲೇ ಹೇಳಿದಳು. “ನೋಡಿ, ನಾವು ಸುಮ್ಮನೆ ಏನನ್ನೂ ಇಡಲ್ಲ. ಅವರು ಹಾಕ್ಕೊಂಡಿರೋ ಫೋಟೋ ಇದ್ರೆ ಮಾತ್ರ ಹರಾಜಿಗೆ. ಫೋಟೋ ಇಲ್ದಿದ್ರೆ ಎಷ್ಟು ಒಳ್ಳೇದಿದ್ರೂ ಪಕ್ಕಕ್ಕೆ. ಇದಕ್ಕಂತೂ,” ಎಂದು ಗೋಡೆಯತ್ತ ಕೈ ತೋರಿಸಿದಳು, “ಇದಕ್ಕಿಂತ ಸಾಕ್ಷಿ ಬೇಕಾ?”

“ಅದು ನಾನು,” ಎಂದಳು ಅತ್ತೆ.

ಇಬ್ಬರು ಮೂವರು ತಿರುಗಿ ನೋಡಿದರು. ಒಬ್ಬಳು ಕಿಸಕ್ಕನೆ ನಕ್ಕಳು. ನನ್ನ ಕಿವಿ ಬಿಸಿಯಾಯಿತು. ನಾಚಿಕೆಯಾದದ್ದು ನಕ್ಕವಳಿಂದಲೋ ಅತ್ತೆಯಿಂದಲೋ ನನಗೇ ತಿಳಿಯಲಿಲ್ಲ.

“ಲಾಂಡ್ರಿಯವರು ನೀವು,” ಎಂದಿತು ಹಿಂದಿನಿಂದ ಒಂದು ದನಿ. “ಅಲ್ವಾ?”

ಸುಕ್ಕಾದ ಶರಟಿನ ಒಬ್ಬ ಮನುಷ್ಯ. ಕಣ್ಣ ಕೆಳಗೆ ಊತ, ಕೈಯಲ್ಲಿ ತಣ್ಣಗಾದ ಕಾಫಿ. ತಾರೆಯ ಮಗ. ಹಿಂದೆ ಕೋಣೆಯಿದೆ ಬನ್ನಿ ಎಂದ. ಹೋಗುವಾಗ ಸಮವಸ್ತ್ರದ ಹುಡುಗಿಗೆ ಗಾಜಿನ ಪೆಟ್ಟಿಗೆ ಒಳಗೆ ತರಲು ಹೇಳಿದ. ಅವಳು ಏನೋ ಅನ್ನಲು ಬಾಯಿ ತೆರೆದು, ಮುಚ್ಚಿ, ಇಬ್ಬರು ಆಳುಗಳನ್ನು ಕರೆದು ಅದನ್ನು ಹೊರಿಸಿ ತಂದಿಟ್ಟು ಹೋದಳು.

ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳು, ಸುತ್ತಿಟ್ಟ ಪ್ಲಾಸ್ಟಿಕ್ಕು, ಎರಡೇ ಕುರ್ಚಿ. ನಾನು ಪೆಟ್ಟಿಗೆಯೊಂದರ ಮೇಲೆ ಕೂತೆ. ನಾನಿದ್ದೇನೆ ಎನ್ನುವುದು ಅವನ ಲೆಕ್ಕಕ್ಕೇ ಬರಲಿಲ್ಲ.

“ಅಮ್ಮ ಆವತ್ತು ಊರಲ್ಲೇ ಇರ್ಲಿಲ್ಲ,” ಎಂದ ಅವನು ಕೂರುವ ಮೊದಲೇ. “ನಂಗೆ ಚಿಕ್ಕಂದಿನಿಂದ ಗೊತ್ತು. ಫೋಟೋ ನೋಡಿ ಮೊದಲು ಉರಿದುಬಿದ್ದಿದ್ರಂತೆ, ಕೋರ್ಟಿಗೆ ಹೋಗ್ತೀನಿ ಅಂತ. ಅಷ್ಟರಲ್ಲಿ ಫೋನ್ ಮೇಲೆ ಫೋನು. ಮುಖ ತೋರಿಸ್ಕೊಂಡು ಅಷ್ಟು ವರ್ಷ ಅಲೆದಾಗ ಬರದವರು ಬೆನ್ನು ನೋಡಿ ಬಂದ್ರು. ಆಮೇಲೆ ಪ್ರತಿ ಸಿನಿಮಾದಲ್ಲೂ ಒಂದು ದೃಶ್ಯ ಇರ್ಲೇಬೇಕು, ಅಮ್ಮ ಬೆನ್ನು ತಿರುಗಿಸಿ ಹೋಗೋದು.”

“ನೋಡಿದೀನಿ,” ಎಂದಳು ಅತ್ತೆ. “ಚೆನ್ನಾಗಿ ನಡೀತಿದ್ರು.”

“ಮನೆ ಹಜಾರದಲ್ಲಿ ಅಭ್ಯಾಸ ಮಾಡೋರು. ನಾನು ಹಟ ಮಾಡಿದ್ರೆ, ಲಾಂಡ್ರಿ ಹುಡುಗಿ ಬರ್ತಾಳೆ ನೋಡು ಅಂತ ಹೆದರಿಸೋರು. ನಾನು ನಿಮ್ಮನ್ನ ದೆವ್ವ ಅಂದ್ಕೊಂಡಿದ್ದೆ.” ಅವನು ನಗಲು ನೋಡಿದ. “ಕೊನೆಕೊನೆಗೆ ಅಮ್ಮನಿಗೆ ನಡೆಯೋಕೇ ಆಗ್ತಿರ್ಲಿಲ್ಲ. ಆಗ ಹೇಳ್ತಿದ್ರು, ಅವಳೆಲ್ಲೋ ಆರಾಮಾಗಿದಾಳೆ, ಅವಳ ಬೆನ್ನು ಹೊತ್ತು ಸತ್ತಿದ್ದು ನಾನು ಅಂತ.”

ಅತ್ತೆ ತನ್ನ ಕೈ ನೋಡಿಕೊಂಡಳು. ಬೆರಳ ತುದಿಯೆಲ್ಲ ಸುಟ್ಟು ಸುಟ್ಟು ನುಣುಪಾಗಿರುವ ಕೈ. “ಆರಾಮಾಗೇ ಇದ್ದೆ,” ಎಂದಳು. “ಕಿಟಕಿ ಒಂದು ಇರ್ಲಿಲ್ಲ, ಅಷ್ಟೇ.”

ಅವನಿಗೆ ಅದು ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳಲು ಹೋಗಲೂ ಇಲ್ಲ.

“ನಿಮಗೇನು ಬೇಕು ಹೇಳಿ,” ಎಂದ. “ಪತ್ರಿಕೆಯವರಿಗೆ ಹೇಳ್ತೀನಿ ಅಂತ ಬಂದಿದ್ರೆ...”

“ಸ್ಕಾರ್ಫ್ ನಮ್ಮಮ್ಮಂದು. ಅದು ಕೊಡಿ, ಸಾಕು.”

ಅವನು ಸ್ವಲ್ಪ ಹೊತ್ತು ಅತ್ತೆಯ ಮುಖವನ್ನೇ ನೋಡಿದ, ಇದರ ಹಿಂದೆ ಇನ್ನೇನಿದೆ ಎಂದು ಹುಡುಕುವ ಹಾಗೆ. “ಕೊಡಬಹುದು,” ಎಂದ ಕೊನೆಗೆ. “ಅಮ್ಮನ ಹತ್ರ ಇಂಥವೇ ಬೇಕಾದಷ್ಟಿವೆ, ಹೊಲಿಸಿದ್ದು. ಇನ್ನೊಂದನ್ನ ಇದರ ಜಾಗದಲ್ಲಿ ಕಟ್ಟಿದ್ರೆ ಯಾರಿಗೂ ತಿಳಿಯಲ್ಲ. ಆದ್ರೆ ನೀವೊಂದು ಮಾತು ಕೊಡಬೇಕು. ಆ ಫೋಟೋದಲ್ಲಿರೋದು ನಮ್ಮಮ್ಮ. ಇವತ್ತೂ, ನಾಳೆನೂ, ನೀವಿರೋ ತನಕ. ಯಾರ ಹತ್ರಾನೂ ಇನ್ನೊಂದು ಥರ ಹೇಳೋ ಹಾಗಿಲ್ಲ.”

ನಾನು ಎದ್ದು ನಿಂತೆ. “ಅತ್ತೆ, ಬೇಡ.”

“ನೀನು ಕೂತ್ಕೋ,” ಎಂದಳು ಅತ್ತೆ. “ಆಯ್ತು. ಮಾತು ಕೊಟ್ಟೆ.”

ಅಷ್ಟು ಸಲೀಸಾಗಿ. ಅಂಗಡಿಗೆ ಬಂದ ಗಿರಾಕಿಗೆ ನಾಳೆ ಸಂಜೆ ಕೊಡ್ತೀನಿ ಅನ್ನುವ ಹಾಗೆ. ಹೊರಗೆ ಅಷ್ಟು ಜನ ಅವಳ ಹಾಗೇ ಬೆನ್ನು ತಿರುಗಿಸಿ ಫೋಟೋ ತೆಗೆಸಿಕೊಳ್ಳುತ್ತಿದ್ದಾರೆ, ಇಲ್ಲಿ ಇವಳು ಅದನ್ನು ಒಂದು ಚದರ ಬಟ್ಟೆಗೆ ಬಿಟ್ಟುಕೊಟ್ಟಳು. ನನ್ನ ಹತ್ತಿರ ಯಾರೂ ಮಾತು ತೆಗೆದುಕೊಳ್ಳಲಿಲ್ಲ. ಆ ಮನುಷ್ಯ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಅವನು ಜೇಬಿನಿಂದ ಬೀಗದ ಕೈ ತೆಗೆದು ಗಾಜಿನ ಮುಚ್ಚಳ ಎತ್ತಿದ. ಗಂಟು ಬಿಚ್ಚಲು ಅವನಿಗೆ ಬರಲಿಲ್ಲ. ಅತ್ತೆ ಎರಡು ಬೆರಳು ಹಾಕಿ ಒಂದು ಕಡೆ ಒತ್ತಿದ್ದೇ ತಡ, ಗಂಟು ಸಡಿಲವಾಗಿ ಕೈಗೆ ಬಂತು. ಅವಳು ಸ್ಕಾರ್ಫನ್ನು ಮಡಿಲಲ್ಲಿ ಹರಡಿಕೊಂಡಳು. ಒಳಗೆ ತುರುಕಿದ್ದ ಮೂಲೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದಳು. ಕಣ್ಣು ಮುಚ್ಚಿ ತಿಕ್ಕಿದಳು. ಆಮೇಲೆ ಎರಡನೇ ಮೂಲೆ. ಮೂರನೆಯದು. ನಾಲ್ಕನೆಯದು. ಮತ್ತೆ ಮೊದಲನೆಯದು.

“ಇದಲ್ಲ,” ಎಂದಳು.

“ಇದೇ,” ಎಂದ ಮಗ. “ಯಾವಾಗಲೂ ಕಟ್ಕೊಳ್ತಿದ್ದದ್ದು ಇದೇ. ಬೇರೆ ಪೆಟ್ಟಿಗೇಲಿ, ಬೇರೆಯಾಗಿ ಇಟ್ಟಿದ್ರು.”

“ಇದು ಯಾವತ್ತೂ ಸುಟ್ಟಿಲ್ಲ. ಇದು ರೇಷ್ಮೆ. ನಮ್ಮಮ್ಮಂದು ಹತ್ತಿ.” ಅತ್ತೆಯ ದನಿ ಏರಲಿಲ್ಲ. “ನೀವು ಎಲ್ಲಾ ಮೂಲೆ ಮುಟ್ಟಿ ನೋಡಿ. ಗಂಟಲ್ಲಿ ಮುಚ್ಚೋಕೆ ಏನೂ ಇಲ್ಲ ಇದರಲ್ಲಿ.”

ಅವನು ಮುಟ್ಟಿ ನೋಡಿದ, ಏನು ಸಿಗಬೇಕಿತ್ತು ಎಂದು ಗೊತ್ತಿಲ್ಲದವನ ಹಾಗೆ. ಹೊರಗಿನಿಂದ ಹುಡುಗಿಯರ ನಗು ಕೇಳುತ್ತಿತ್ತು.

“ಹಾಗಾದ್ರೆ ಇದನ್ನೂ ಹೊಲಿಸಿದ್ದಿರಬೇಕು,” ಎಂದ. “ಮೊದಲನೇದನ್ನ ನೋಡಿ ಹೊಲಿಸಿರಬೇಕು.”

“ಮೊದಲನೇದು ಎಲ್ಲಿ?”

“ಯಾರಿಗೆ ಗೊತ್ತು. ಅಮ್ಮ ಏನನ್ನೂ ಎಸೀತಿರ್ಲಿಲ್ಲ. ಆದ್ರೆ ಬೆಲೆ ಇಲ್ಲದ್ದನ್ನ ಇಟ್ಕೊಂಡು ಪೂಜೆ ಮಾಡೋರೂ ಅಲ್ಲ.” ಅವನು ಹಣೆ ಉಜ್ಜಿಕೊಂಡ. “ಮನೇಲಿ ಇನ್ನೂ ಸಾಮಾನಿದೆ. ಹರಾಜಿನವರು ಬೇಡ ಅಂದಿದ್ದು. ನೈಟಿ, ಟವೆಲ್ಲು, ಮೇಕಪ್ ಒರೆಸೋ ಬಟ್ಟೆ, ಅಡುಗೆಮನೆ ಚಿಂದಿ. ಫೋಟೋ ಇಲ್ಲದ್ದೆಲ್ಲ. ಮೂಟೆ ಕಟ್ಟಿ ಹಿಂದಿನ ಗ್ಯಾರೇಜಲ್ಲಿ ಹಾಕಿಸಿದೀನಿ. ನಾಳೆ ಕಸದ ಲಾರಿ ಬರುತ್ತೆ.”

“ಅದರಲ್ಲಿರಬಹುದು.”

“ಇರಬಹುದು. ಇಲ್ದೇನೂ ಇರಬಹುದು. ಎಷ್ಟು ವರ್ಷದ ಮಾತು. ಅದರಿಂದ ಎಷ್ಟು ಸಲ ನೆಲ ಒರೆಸಿದಾರೋ.”

“ನಾನು ಬಂದು ನೋಡ್ತೀನಿ.”

“ನೋಡಿ. ನಂಗೇನು.” ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ಆದ್ರೆ ಕೊಟ್ಟ ಮಾತು ಮಾತೇ, ಅಲ್ವಾ? ಅದು ಸಿಕ್ಕರೂ, ಸಿಗದೇ ಇದ್ರೂ.”

“ಇದೆಂಥ ನ್ಯಾಯ?” ಎಂದೆ ನಾನು. ಈ ಸಲ ಅವನು ನನ್ನತ್ತ ನೋಡಿದ, ಕುರ್ಚಿ ಮಾತಾಡಿದ ಹಾಗೆ.

ಅತ್ತೆ ನನ್ನ ಮೊಣಕೈ ಹಿಡಿದಳು. “ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದಕ್ಕೆ ಯಾರೂ ಏನೂ ಕೊಟ್ಟಿರ್ಲಿಲ್ಲ,” ಎಂದಳು ಅವನಿಗೆ. “ನೀವು ಕಸ ಕೊಡ್ತಿದೀರ. ನಂಗೆ ಅಷ್ಟೂ ಲಾಭಾನೇ ಅನ್ಕೊಳ್ತೀನಿ.”

ಅವನ ಮುಖ ಕೆಂಪಾಯಿತು. ಆದರೂ ಅತ್ತೆಯನ್ನು ಆ ಮಾತಿನಿಂದ ಬಿಡಿಸಲಿಲ್ಲ.

ಬಾಗಿಲು ತಟ್ಟಿ ಸಮವಸ್ತ್ರದ ಹುಡುಗಿ ಒಳಬಂದಳು. ಮರದ ತಲೆ ಬೋಳಾಗಿರುವುದನ್ನು ನೋಡಿ ಅವಳ ಕೈ ಬಾಯಿಗೆ ಹೋಯಿತು. ಹೊರಗೆ ಜನ ಸ್ಕಾರ್ಫ್ ಎಲ್ಲಿ ಎಂದು ಕೇಳುತ್ತಿದ್ದಾರಂತೆ, ಟೀವಿಯವರು ಬೇರೆ ಬಂದಿದ್ದಾರಂತೆ. ಅವಳೇ ಗಂಟು ಹಾಕಲು ನೋಡಿದಳು. ಒಮ್ಮೆ ಕಿವಿಯ ಮೇಲಕ್ಕೆ ಹೋಯಿತು, ಒಮ್ಮೆ ಗದ್ದದ ಕೆಳಗೆ ಬಂತು, ಇನ್ನೊಮ್ಮೆ ತಲೆಯಿಂದಲೇ ಜಾರಿತು. ಮಗ ಕೈ ಹಾಕಿದ, ಇನ್ನೂ ಕೆಟ್ಟಿತು. ಹುಡುಗಿಗೆ ಅಳು ಬರುವುದೊಂದು ಬಾಕಿ.

“ಇಲ್ಲಿ ಕೊಡು ಮಗಳೇ,” ಎಂದಳು ಅತ್ತೆ.

ನನಗೆ ಆ ಕೈಗಳನ್ನು ಹಿಡಿದು ನಿಲ್ಲಿಸಬೇಕು ಅನ್ನಿಸಿತು. ಅವಳು ಮರದ ತಲೆಯ ಹಿಂದೆ ನಿಂತು, ಸ್ಕಾರ್ಫನ್ನು ಒಮ್ಮೆ ಕೊಡವಿ, ಕೈಯಿಂದಲೇ ನೇವರಿಸಿ ಸುಕ್ಕು ತೆಗೆದು, ಕಿವಿಯ ಕೆಳಗೆ ಎಳೆದುಕೊಂಡಳು. ಸುಡದ ಮೂಲೆಯನ್ನು, ಸ್ವಲ್ಪವೂ ಕೊರತೆಯಿಲ್ಲದ ಆ ರೇಷ್ಮೆಯ ಮೂಲೆಯನ್ನು ಒಳಕ್ಕೆ ತುರುಕಿ ಬಿಗಿದಳು. ಗಂಟು ಗೋಡೆಯ ಮೇಲಿನ ಫೋಟೋದಿಂದ ಇಳಿದು ಬಂದ ಹಾಗೇ ಕೂತಿತು.

“ಅಬ್ಬಾ,” ಎಂದಳು ಹುಡುಗಿ. “ಥೇಟ್ ಅವರ ಹಾಗೇ. ನೀವು ಅವರ ಅಭಿಮಾನಿನಾ ಅಮ್ಮ?”

ಮಗ ಅತ್ತೆಯತ್ತ ನೋಡಿದ. ನಾನೂ ನೋಡಿದೆ.

“ಹೂಂ,” ಎಂದಳು ಅತ್ತೆ. “ಅವರನ್ನ ನೋಡೇ ಕಲ್ತಿದ್ದು.”

ಆಳುಗಳು ಬಂದು ಪೆಟ್ಟಿಗೆಯನ್ನು ಹೊತ್ತುಕೊಂಡು ಹೋದರು. ಹೊರಗೆ ಚಪ್ಪಾಳೆ ಕೇಳಿಸಿತು. ಅತ್ತೆ ತನ್ನ ಚೀಲ ಹುಡುಕಿ ತೋಳಿಗೆ ಹಾಕಿಕೊಂಡಳು. ಮಗ ಒಂದು ಚೀಟಿಯಲ್ಲಿ ಮನೆಯ ದಾರಿ ಗೀಚಿ ನನ್ನ ಕೈಗೆ ಕೊಟ್ಟ. ಅವಳ ಕೈಗೆ ಕೊಡಲು ಅವನಿಗೆ ಯಾಕೋ ಆಗಲಿಲ್ಲ.

“ಹಿಂದಿನ ಗೇಟಿಂದ ಬನ್ನಿ,” ಎಂದ. “ಮುಂದೆ ಫೋಟೋದವರು ನಿಂತಿರ್ತಾರೆ. ಒಂಬತ್ತಕ್ಕೆ ಬಂದ್ರೆ ಸಾಕು. ಕೈಗೆ ಏನಾದ್ರೂ ಹಾಕ್ಕೊಂಡು ಬನ್ನಿ, ಗ್ಯಾರೇಜಲ್ಲಿ ಇಲಿ ಇವೆ.”

“ಲಾರಿ ಎಷ್ಟೊತ್ತಿಗೆ ಬರುತ್ತೆ?”

“ಹತ್ತಕ್ಕೆ ಅಂದಿದಾರೆ. ಬೇಗ ಬಂದ್ರೂ ಬರಬಹುದು.”

“ಹಾಗಾದ್ರೆ ಏಳಕ್ಕೇ ಬರ್ತೀವಿ,” ಎಂದಳು ಅತ್ತೆ. “ಗೇಟು ತೆಗೆದಿಟ್ಟಿರಿ.”